ನಲವತ್ತೊಂದನೇ ಲಕೋಟೆ

ಸಿರಿಂಜಿನಲ್ಲಿ ಯಾವುದಿದೆ, ನನಗೆ ಗೊತ್ತಾಗಕೂಡದು.
ಮಿಡಜೋಲಾಂ ಜೊತೆ ಫೆಂಟನಿಲ್ಲೋ,
ಬರೀ ಡೆಕ್ಸ್‌ಮೆಡಿಟೊಮಿಡಿನ್ನೋ,
ಎರಡಕ್ಕೂ ನೀರಿನ ಬಣ್ಣ.
ಲಕೋಟೆ ಒಡೆದವಳು ಪಕ್ಕದ ಕೋಣೆಯಲ್ಲಿ
ಕಾಫಿ ಆರಿಸುತ್ತಿದ್ದಾಳೆ.

ಮೇಜಿನ ಮೇಲೆ ಚಿಕ್ಕತಾಯಮ್ಮ, ಬಸ್ ಕಂಡಕ್ಟರ್.
ಎಡಗಿವಿಯ ತಮಟೆಗೆ ತೂತು;
ಹದಿನೆಂಟು ವರ್ಷ ಊದಿದ ಸೀಟಿಯದೇ ತಪ್ಪು
ಎಂಬುದು ಅವಳ ವಾದ.
ಕಿವಿಯ ಸುತ್ತ ಸೂಜಿ ಚುಚ್ಚಿ ಮರಗಟ್ಟಿಸಿದ್ದಾಯಿತು.
ಇನ್ನು ನನ್ನ ಕೆಲಸ:
ಐದು ನಿಮಿಷಕ್ಕೊಮ್ಮೆ ಹೆಸರು ಹಿಡಿದು ಕರೆಯುವುದು,
ಅಂಕ ಬರೆಯುವುದು.
ಒಂದು ಅಂದರೆ ಗಾಬರಿ. ಎರಡು, ಶಾಂತ.
ಮೂರು, ಮಂಪರಿದ್ದರೂ ಓಗೊಡುತ್ತಾಳೆ.

‘ಚಿಕ್ಕತಾಯಮ್ಮಾ?’
‘ಟೌನ್‌ಹಾಲ್... ಇಳೀರಿ ಬೇಗ.’
ಮೂರು.
ಸರ್ಜನ್ ನಕ್ಕರು, ಕೈ ಅಲುಗದಂತೆ.
ನಾಡಿ ಐವತ್ತೆಂಟು. ಹಾಗಾದರೆ ಇದು...
ಊಹಿಸಬಾರದು.
‘ಚಿಕ್ಕತಾಯಮ್ಮಾ?’
‘ಚಿಲ್ರೆ ಇಲ್ಲ ಕಣಪ್ಪ,
ಟಿಕೆಟ್ ಹಿಂದೆ ಬರ್ದಿದೀನಿ, ಮೂರು ರೂಪಾಯಿ,
ಇಳಿಯೋವಾಗ ಇಸ್ಕೋ.’
ಇದಕ್ಕೂ ಮೂರೇ.

ಸಂಜೆ ವಾರ್ಡಿನಲ್ಲಿ ಕೇಳಿದಳು,
ಬ್ಯಾಂಡೇಜಿನ ಕೆಳಗಿಂದ, ತುಸು ನಾಚಿ:
‘ಡಾಕ್ಟ್ರೇ, ನಾನೇನಾದ್ರೂ ಅಂದ್ನಾ?’
‘ಏನೂ ಇಲ್ಲ’ ಎಂದೆ.
ಕೈಯಲ್ಲಿದ್ದ ಅಂಕಪಟ್ಟಿಯ ಹಿಂಬದಿಯಲ್ಲಿ
ನನ್ನದೇ ಅಕ್ಷರ:
ಬಾಕಿ, ರೂ. 3.