ಪುಟಕ್ಕೆ ಮೂವತ್ತು

ಜಿನೀವಾದಿಂದ ಬಂದ ಹದಿಮೂರು ಪುಟ
ಶಿಡ್ಲಘಟ್ಟದ ತಾಲ್ಲೂಕು ಕಚೇರಿ ಎದುರು, ಹೊಂಗೆ ನೆರಳಲ್ಲಿ,
ನನ್ನ ಟೈಪ್‌ರೈಟರಿನ ಪಕ್ಕ ಕಲ್ಲಿನಡಿ ಪಟಪಟ ಅನ್ನುತ್ತಿವೆ.
ಚಿಂತಾಮಣಿಯ ಸಂಘದವರು ಕೊಟ್ಟುಹೋದದ್ದು:
ಕನ್ನಡ ಮಾಡಿಕೊಡಿ ಸಾರ್, ಪುಟಕ್ಕೆ ಮೂವತ್ತು.

'ಸಮಿತಿಯು ತೀವ್ರ ಕಳವಳ ವ್ಯಕ್ತಪಡಿಸುತ್ತದೆ'
ಇಷ್ಟು ಹೊಡೆದು ನಿಂತೆ.
ಕಳವಳವನ್ನು ನಮ್ಮೂರಲ್ಲಿ ಯಾರೂ ವ್ಯಕ್ತಪಡಿಸುವುದಿಲ್ಲ,
ಹೊಟ್ಟೆಯೊಳಗಿಟ್ಟು ಮೇಲೊಂದು ಲೋಟ ನೀರು ಕುಡಿಯುತ್ತಾರೆ.

ಐದನೇ ಪುಟದಲ್ಲಿ ಮಗಳ ಅರ್ಧ ಪಾಲಿನ ಮಾತು,
ಒಂಬತ್ತರಲ್ಲಿ ಮುಟ್ಟಾದವಳು ದಾಟಬಾರದ ಹೊಸ್ತಿಲು.
ಮಸೀದಿ ಕಮಿಟಿಯ ಗೌಸ್ ಸಾಬರು,
ದೇವಸ್ಥಾನದ ಧರ್ಮದರ್ಶಿ ನಂಜುಂಡಾರಾಧ್ಯರು,
ಒಂದು ಚರಂಡಿಯ ವ್ಯಾಜ್ಯಕ್ಕೆ ಹನ್ನೊಂದು ವರ್ಷ ಮುಖ ನೋಡದವರು,
ಇವತ್ತು ಬೈಟೂ ಟೀ ಹಂಚಿಕೊಂಡು ನನ್ನ ಮೇಜಿಗೆ ಒರಗಿ
ಒಂದೇ ದನಿಯಲ್ಲಿ ಕೇಳಿದರು:
ನಮ್ಮ ಮನೆ ಮಾತಾಡೋಕೆ ಅವರ್ಯಾರ್ರೀ?

ಪ್ರಶ್ನೆ ಸುಳ್ಳಲ್ಲ.
ನಮ್ಮ ತಾತನ ಬೆನ್ನ ಮೇಲೆ ಪರದೇಶದ ಕಾನೂನಿನ ಬಾಸುಂಡೆಯಿತ್ತು.
ಅದೂ ಹೀಗೇ ಸೊಗಸಾದ ಇಂಗ್ಲಿಷಿನಲ್ಲಿ ಬಂದಿತ್ತಂತೆ.
ನಾನು ಸುಮ್ಮನೆ ರಿಬ್ಬನ್ನು ತಿರುಗಿಸಿದೆ.

ಮಾತಾಡಿದ್ದು ಖುತೀಜಾ.
ಅಪ್ಪನ ರೀಲಿಂಗ್ ಯೂನಿಟ್ಟಿನಲ್ಲಿ ಮೂವತ್ತು ವರ್ಷ
ಕುದಿನೀರಿನ ಬಾಂಡ್ಲಿಯೊಳಗೆ ಗೂಡಿನ ಎಳೆ ಹುಡುಕಿದವಳು.
ಅಪ್ಪ ಹೋದ ಮೇಲೆ ಆ ಬಾಂಡ್ಲಿಯಲ್ಲಿ ತನಗೆಷ್ಟು ಅಂತ
ಅರ್ಜಿ ಬರೆಸಲು ಬೆಳಗಿನಿಂದ ಕೂತವಳು.
"ಚೀನಾದಲ್ಲಿ ಯಾರೋ ಸೀನಿದರೆ
ನಮ್ಮ ನೂಲಿನ ರೇಟು ಇಲ್ಲಿ ಮುನ್ನೂರು ಬೀಳ್ತದೆ.
ಆಗ ಯಾರೂ ಹೊರಗಿನವರು ಅನ್ನಲ್ಲ,
ಬೆಳಗಾದರೆ ಮೊಬೈಲಲ್ಲಿ ಅವರ ರೇಟೇ ನೋಡ್ತೀರಿ."

ಟೀ ಲೋಟ ಮೇಜಿನ ಮೇಲೆ ಕೂತಿತು.
ಅವಳು ನನ್ನ ಕಡೆ ತಿರುಗಿದಳು:
"ಅದರಲ್ಲಿ ನನ್ನ ಹೆಸರಿದೆಯಾ ಸಾರ್?"

ಇಲ್ಲಮ್ಮ. ಬಾಧಿತ ಮಹಿಳೆಯರು ಅಂತಿದೆ.
"ನನ್ನ ಬಾಂಡ್ಲಿ?"
ಇಲ್ಲ.

"ಹೋಗ್ಲಿ, ಅಂದರೆ ಅನ್ನಲಿ ಬಿಡಿ. ಅವರ ಬಾಯಿಗೆ ಬೀಗ ಯಾಕೆ?
ನಾನು ಇಲ್ಲೇ, ಇದೇ ಕಮಿಟಿ ಬಾಗಿಲಲ್ಲಿ ಮೂರು ಸಲ ಅಂದೆ,
ಯಾರಿಗೂ ಕೇಳಲಿಲ್ಲ.
ಏಳು ಸಮುದ್ರದಾಚೆ ಅಂದದ್ದು
ನಿಮ್ಮಿಬ್ಬರಿಗೂ ಎಷ್ಟು ಬೇಗ ಕೇಳಿಸಿತು ನೋಡಿ."

ಸಂಜೆ ಅವಳ ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿದೆ.
ಎರಡು ಸಲ. ಇಂಕು ಬಳಿದು ಇನ್ನೊಂದು ಸಲ.
ರೇಖೆ ಮೂಡಲಿಲ್ಲ, ಬಿಸಿನೀರು ಎಂದೋ ತಿಂದಿತ್ತು.
ಕಾಗದದ ಮೇಲೆ ಬರೀ ನೀಲಿ ಮಚ್ಚೆ.
ಪಕ್ಕದಲ್ಲಿ, ಕಲ್ಲಿನಡಿ, ಜಿನೀವಾದ ಗುಂಡು ಮೊಹರು,
ಅಂಚಿನ ಒಂದೊಂದು ಅಕ್ಷರವೂ ಸ್ಪಷ್ಟ.

ನಾಳೆ ಗುಮಾಸ್ತ ಕೇಳುತ್ತಾನೆ,
ಇದು ಯಾರದು ಅಂತ.