ಪೈಪ್ ಕ್ಲೀನರ್

ದಾಕ್ಷಿ ಸಾಲಿಯಿಂದ ಚೀಟಿ ತಂದಾಳ:
ನಾಳೆಗೆ ಪೈಪ್ ಕ್ಲೀನರ್ ಬೇಕು,
ಹಸಿರು ಆರು, ಕೆಂಪು ನಾಕು,
ಬಿಳಿದು ಎಷ್ಟು ಸಿಕ್ಕರ ಅಷ್ಟು.

ಓದಿ ನಾ ನಕ್ಕೆ.
ಹದಿನೆಂಟು ವರ್ಷಾತು ಈ ವಾಸ್ಕೋದಾಗ ಪೈಪ್ ಬಿಚ್ಚಾಕ ಹತ್ತಿ.
ಬೈನಾದಿಂದ ಬೋಗಮಾಳೊ ತನಕ
ಯಾರ ಮನಿ ಮೋರಿ ಯಾವ ಮೂಲ್ಯಾಗ ಕಟ್ಟಿಕೊಳ್ತೈತಿ
ಅನ್ನೋದು ನನ್ನ ಬೆರಳಿಗೆ ಬಾಯಿಪಾಠ.
ಪೈಪ್ ಕ್ಲೀನರ್ ಅಂದ್ರ ನಾನಽ ಅಲ್ಲೇನಬೇ?
ನನ್ನಽ ಕರಕೊಂಡು ಹೋಗು,
ಬೆಂಚಿನ ಮ್ಯಾಲೆ ನಿಂದ್ರಸು.

ಆಕಿ ನಗಲಿಲ್ಲ.

ಸಂಜಿಗೆ ಚೀಲದಾಗ
ಒಂದು ತಂತಿ ಬ್ರಶ್ಶು ತಂದೆ, ಒಂದು ಪುಡಿ ಡಬ್ಬಿ,
ಮ್ಯಾಲೆ ತಲಿಬುರುಡಿ ಚಿತ್ರ,
ಮೋರಿಗೆ ಸುರಿದ್ರ ಬುಸ್ಸಂತ ಹೊಗಿ ಏಳೋದು.
ಬಣ್ಣದ್ದು ಮಾತ್ರ ಸಿಗಲಿಲ್ಲವಾ, ಅಂದೆ.
ದಾಕ್ಷಿ ಡಬ್ಬಿ ನೋಡಿದ್ಲು,
ನನ್ನ ನೋಡಿದ್ಲು,
ಅವರವ್ವ ಗಂಗವ್ವ ರೊಟ್ಟಿ ಬಡಿಯೂದು ಬಿಟ್ಟು
ಒಲಿ ಕಡೆ ಮಾರಿ ತಿರುವಿ
ಹೆಗಲು ಕುಣಿಸಾಕ ಹತ್ತಿದ್ಲು.

ರಾತ್ರಿ ಒಂಬತ್ತಕ್ಕ ಅಪ್ಪ ಮಗಳು ಓಟ.
ಗಲ್ಲಿ ತುಂಬ ಕಾಗದದ ಚುಕ್ಕಿ, ಒಳಗೊಂದೊಂದು ಬಲ್ಬು,
ಹುಡುಗೂರು ಹುಲ್ಲು ಹೊತ್ತು ತಂದು
ರಸ್ತೆದ ಬದಿಗೆ ಗೋಠೊ ಕಟ್ಟಾಕ ಹತ್ಯಾರ,
ದನ ಬಂದಾವ, ಕುರಿ ಬಂದಾವ,
ಕೂಸು ಇನ್ನೂ ಬಂದಿಲ್ಲ.
ಪುಂಡಲೀಕನ ಅಂಗಡಿ ಅರ್ಧ ಶಟರ್ ಎಳೆದಿತ್ತು.
ಬಗ್ಗಿ ಒಳಗ ಹೋದ್ವಿ.

ಅವ ತೆಗೆದು ಕೊಟ್ಟದ್ದು
ಮೆತ್ತನ್ನ ಕಂಬಳಿಹುಳ!
ಮೈತುಂಬ ಜುಂಗು, ಒಳಗ ತಂತಿ ಬೆನ್ನೆಲುಬು.
ಇದಕ್ಕ ಯಾಕಪಾ ಆ ಹೆಸರು?
ಹಿಂದಕ ದೊಡ್ಡ ಮಂದಿ ಹೊಗಿ ಸೇದೋ ಕೊಳವಿ ಇತ್ತಲ್ಲ,
ಅದರ ಮಸಿ ತೆಗಿಯಾಕ ಇದು, ಅಂದ.
ಓ, ಹಂಗಾರ ನಮ್ಮ ಪೈಕಿನಽ.
ಹೊಲಸು ತೆಗೆದು ತೆಗೆದು
ಕಡೀಕ ಬಡ್ತಿ ಸಿಕ್ಕೈತಿ ಇದಕ್ಕ.

ಮನಿಗೆ ಬಂದು ಪೇಪರ್ ಹಾಸಿ ಕುಂತ್ವಿ.
ನನ್ನ ಬೆರಳು ದಪ್ಪ,
ಬಗ್ಗಿಸಿದ್ದು ಬಗ್ಗಿದಲ್ಲೇ ಮುರಿಗಿ ಬೀಳ್ತಿತ್ತು,
ಜುಂಗು ಉದುರಿ ಲುಂಗಿಗೆ ಹತ್ತತಿತ್ತು.
ಅಪ್ಪಾ ಮೆಲ್ಲಕ, ಇದು ನಟ್ಟು ಅಲ್ಲ.
ಆಮ್ಯಾಲೆ ನೆನಪಾತು,
ಕೆಂಪು ಬಿಳಿ ಜೋಡಿಸಿ ಹುರಿ ಹಾಕೋದು ಅಂದ್ರ
ನಳದ ಕೊರಳಿಗೆ ಟೇಪು ಸುತ್ತಿದಂಗಽ ಅಲ್ಲೇನು,
ಬಲಕ್ಕ, ಬಲಕ್ಕ, ಬಿಗಿ ಮಾಡಬ್ಯಾಡ.
ತುದಿ ಡೊಂಕು ಮಾಡಿದ್ರ ಕೈಕೋಲು ಆತು.
ಅರ್ಧ ಇಂಚಿನ ತುಣುಕಿಗೆ ಹಸಿರು ಸುತ್ತಿ
ಸರಕ್ಕನೆ ಜಾರಿಸಿದೆ,
ಸುರುಳಿ ಬಂತು, ಎರಡು ತುದಿ ಕೂಡಿಸಿದ್ರ ಬಾಗಲಕ್ಕ ಮಾಲಿ.
ಎಣ್ಣಿ ಲಾಳಿಕೆ ಬೋರಲು ಹಾಕಿ ಅದರ ಮ್ಯಾಲೆ ಸುತ್ತಿದೆ,
ಎತ್ತಿದ್ರ ಗಿಡ ನಿಂತಿತ್ತು!
ಗಂಗವ್ವ ತನ್ನ ಹರಿದ ಸರದ ಮಣಿ ನಾಕು
ಬಾಯಿ ಬಿಡದಽ ತಂದು ಇಟ್ಟಳು.

ಚುಕ್ಕಿ ಒಂದು ಮಾತ್ರ ಕೆಟ್ಟಿತು.
ಐದು ಮೂಲಿ ಇರಬೇಕಪಾ,
ನೀ ಆರು ಮಾಡೀದಿ, ಅಂದ್ಲು.
ಇರಲಿ ಬಿಡು, ತಂತಿ ಉಳಿದಿತ್ತು.
ಅದು ಸಾಲಿಗೆ ಹೋಗಲಿಲ್ಲ,
ಗ್ವಾಡಿಮ್ಯಾಲಿನ ಬನಶಂಕರಿ ಫೋಟೋದ ಮಳಿಗೆ ತೂಗತೈತಿ.
ಫ್ಯಾನ್ ಹಾಕಿದ್ರ ತಿರಗತೈತಿ.
ಆಕಿ ಏನೂ ಅಂದಿಲ್ಲ.

ಮರುದಿನ ಕಾಲ್ದೇರಾ ಬಾಯಿ ಫೋನು:
ಹಬ್ಬದ ನೇವ್ರಿ ಕರಿದ ಎಣ್ಣಿ ಹೆಪ್ಪುಗಟ್ಟಿ
ಸಿಂಕು ತುಂಬಿ ನಿಂತೈತಿ, ಲಗೂನ ಬಾ.
ಹೋಗಿ ಕೆಳಗ ಮಲಗಿ ಕೈ ಚಾಚಿ ಪಾನಾ ತಗೊಂಡೆ.
ಹಿಡಿಕಿಗೆ ಕೆಂಪು ಜುಂಗಿನ ಬೋ ಒಂದು
ಬಿಗಿಯಾಗಿ ಕಟ್ಟಿತ್ತು.
ಯಾವಾಗ ಕಟ್ಟಿದ್ಲೋ.

ಬಿಚ್ಚಲಿಲ್ಲ. ಗ್ರೀಸು ಹತ್ತೀತು ಅಂತ
ಎಡಗೈಲೆ ಹಿಡಕೊಂಡು ತಿರುವಿದೆ, ತಡಾ ಆತು.
ಬಾಯಿ ಬಗ್ಗಿ ನೋಡಿ, ಅದೇನು ಅದು? ಅಂದ್ಲು.
ಪೈಪ್ ಕ್ಲೀನರ್ ಬಾಯಿ, ಅಂದೆ.
ಆಕಿ ನನ್ನಽ ನೋಡಿದ್ಲು.
ತಲಿ ಮ್ಯಾಲೆ ನೀರು
ಗೊಳ್ ಅಂತ ಹೋತು.