ಚಿಲ್ಲರೆ ತಿಂಗಳು

ಜುಫೇರಿನ ಹೋಟೆಲು, ಮೂರನೇ ಮಾಳಿಗೆ, ಗುರುವಾರ ಸಂಜೆ.
ಹೆಸರು ಕರೆದರು: ಜೆಸಿಂತಾ ಲೋಬೊ.
ಲೋಬೋಓ ಎಂದು ಎಳೆದರು. ಇರಲಿ,
ಹತ್ತೊಂಬತ್ತು ವರ್ಷ ನಾನೂ ಜನರ ಹೆಸರು
ಪಾಸ್‌ಪೋರ್ಟಿನಲ್ಲಿದ್ದಂತೆ ತಪ್ಪುತಪ್ಪಾಗಿಯೇ ಬರೆದವಳು.

ಸಂಬಳದ ಲೆಕ್ಕ ಬರೆಯುವವರಿಗೂ ಸನ್ಮಾನವಂತೆ!
ವರ್ಷದಲ್ಲಿ ಮೂವತ್ತು ಗಂಟೆ ಹೊಸತು ಕಲಿತದ್ದಕ್ಕೆ
ಗಾಜಿನದೊಂದು ಫಲಕ, ಅಂಗೈಯಗಲ,
ಅದಕ್ಕೊಂದು ನೀಲಿ ಮಖಮಲ್ಲಿನ ಡಬ್ಬಿ.
ನಮ್ಮನ್ನು ಯಾರಾದರೂ ನೆನೆಯುವುದು
ಇಪ್ಪತ್ತೆಂಟನೇ ತಾರೀಕು ದಾಟಿದ ಮೇಲೆ,
ಅದೂ ಬೈಯಲಿಕ್ಕೆ.
ಸರಿಯಾಗಿ ಬಂದ ಸಂಬಳಕ್ಕೆ ಚಪ್ಪಾಳೆ ಯಾಕೆ?
ನಲ್ಲಿಯಲ್ಲಿ ನೀರು ಬಂತೆಂದು ಕೈಮುಗಿದವರುಂಟೆ?

ತಟ್ಟಿದರು. ಅಂಗೈ ಬೆವರಿತು. ಫೋಟೋ ಆಯಿತು.

ಯಾವ ಪಾಠಕ್ಕೆ ಎಷ್ಟು ಗಂಟೆ ಎಂದು ಪಟ್ಟಿಯಿದೆ.
ಓವರ್‌ಟೈಮಿಗೆ ಆರು, ರಜೆಯ ಲೆಕ್ಕಕ್ಕೆ ನಾಲ್ಕು,
ಕೆಲಸ ಬಿಟ್ಟು ಹೊರಡುವವನ ಕೊನೆಯ ಇಡುಗಂಟಿಗೆ ಐದು.
ಆ ಐದರಲ್ಲಿ ಎರಡನೆಯದು:
ಶನಿವಾರ, ಗುದೈಬಿಯಾದ ನನ್ನ ಅಡುಗೆಮನೆ,
ಲ್ಯಾಪ್‌ಟಾಪಿನ ಪಕ್ಕ ಅರ್ಧ ಶುಚಿಮಾಡಿದ ಬಂಗುಡೆ.
ಪಾಠದ ಹುಡುಗಿ ಹೇಳಿದಳು, ಹೇಳಿ ಮುಂದಕ್ಕೆ ಹೋದಳು:
ವರ್ಷ ತುಂಬದ ತಿಂಗಳುಗಳಿಗೂ
ಅದರದರ ಪಾಲು ಸಲ್ಲತಕ್ಕದ್ದು.

ಬಂಗುಡೆ ಕೈಯಲ್ಲೇ ಉಳಿಯಿತು.

ಕುರಿಯಾಕೋಸ್ ಸರ್ ಊರಿಗೆ ಹೊರಟಾಗ
ಹಾಳೆ ನನಗೊಪ್ಪಿಸಿ ಹೇಳಿದ್ದರು,
ವರ್ಷ ಮಾತ್ರ ನೋಡು, ಚಿಲ್ಲರೆ ಬಿಡು.
ಒಳಗಿನ ಸೂತ್ರವೂ ಹಾಗೇ ಇತ್ತು, ತಾನಾಗಿ ಬಿಡುತ್ತಿತ್ತು.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಬಿಸಿಲಲ್ಲಿ ಇದ್ದವನು ಹಾಳೆಯಲ್ಲಿ ಇಲ್ಲ.

ಸಿತ್ರಾ ವರ್ಕ್‌ಶಾಪು. ದಿಲ್‌ಮಾನ್ ರೋಕಾ. ಪೈಪ್‌ಫಿಟ್ಟರ್.
ಏಳು ವರ್ಷ ಹನ್ನೊಂದು ತಿಂಗಳು.
ನಾನು ಏಳು ಎಂದೆ. ಅವನು ರುಜು ಹಾಕಿದ,
ನನ್ನ ಪೆನ್ನಿಗೆ ಮುಚ್ಚಳ ಹಾಕಿ ವಾಪಸು ಕೊಟ್ಟ.
ನೂರಿಪ್ಪತ್ತರ ಸಂಬಳಕ್ಕೆ ಹನ್ನೊಂದು ತಿಂಗಳೆಂದರೆ
ನೂರಹತ್ತು ದಿನಾರು.
ಅದರೊಳಗೆ ಒಂದು ಜುಲೈ ಇತ್ತು. ಒಂದು ಆಗಸ್ಟೂ.

ಕಡತ ತಿರುವುತ್ತ ಹೋದರೆ ಅವನೊಬ್ಬನೇ ಅಲ್ಲ,
ನಲವತ್ತೊಂದು ಜನ.
ಮ್ಯಾನೇಜರು ಹಣೆ ಉಜ್ಜಿಕೊಂಡರು,
ಹದಿನೇಳು ದಿನ ಉಜ್ಜಿಕೊಂಡು
ಕೊಡೋಣ ಎಂದರು, ಸದ್ದು ಮಾಡದೆ.

ಮೆಸ್ಸಿನ ಅಡುಗೆಯವನಿಂದ ನಂಬರು ಸಿಕ್ಕಿತು.
ಆ ಕಡೆ ಬಾಗ್ಲುಂಗ್, ಹಿಂದೆ ಎಲ್ಲೋ ಹುಂಜದ ಕೂಗು.
ನನ್ನ ಹರಕು ಹಿಂದಿಯಲ್ಲಿ ಎಲ್ಲ ಒಪ್ಪಿಸಿದೆ,
ಕಾನೂನು, ಕಲಂ, ಕ್ಷಮೆ.
"ಗೊತ್ತಿತ್ತು ಮೇಡಂ," ಅಂದ.
"ಕ್ಯಾಂಪಿನ ಮಂಚದ ಪಕ್ಕ, ಗೋಡೆಯ ಮೇಲೆ
ತಿಂಗಳಿಗೊಂದು ಗೀಟು. ತೊಂಬತ್ತೈದು."
"ಮತ್ತೆ ಕೇಳಲಿಲ್ಲ ಯಾಕೆ?"
"ನೀವು ಕಂಪ್ಯೂಟರನ್ನೇ ನೋಡುತ್ತಿದ್ದಿರಿ."

ಬೈದಿದ್ದರೆ ಒಂದು ನಮೂನೆ ಸುಲಭವಿತ್ತು.
ಹಣ ಯಾವಾಗ ಬರುತ್ತದೆಂದು ಕೇಳಿದ,
ನನ್ನ ಮೊಣಕಾಲು ನೋವು ಹೇಗಿದೆಯೆಂದೂ.

ಇವತ್ತು ರಾತ್ರಿ, ಸನ್ಮಾನದ ಸೀರೆ ಬದಲಿಸದೆ,
ಮುಂದಿನ ವರ್ಷದ ಅರ್ಜಿ ತೆರೆದೆ.
ಕಲಿತ ವಿಷಯ: ಎಣಿಕೆ.
ಬೋಧಕರು: ದಿಲ್‌ಮಾನ್ ರೋಕಾ, ಗೀಟು ಎಳೆದವರು.
ಅವಧಿ: ನಾಲ್ಕು ನಿಮಿಷ.
ಕೆಂಪಕ್ಷರದಲ್ಲಿ ಉತ್ತರ ಬಂತು,
ಅರ್ಧ ಗಂಟೆಗೆ ಕಡಿಮೆಯಾದುದು ದಾಖಲಾಗುವುದಿಲ್ಲ.

ಕುರಿಯಾಕೋಸ್ ಸರ್, ಇದೂ ನಿಮ್ಮದೇ ಹಾಳೆಯೇ?

ಫಲಕವನ್ನು ಫ್ರಿಜ್ಜಿನ ಮೇಲಿಟ್ಟೆ, ಅಕ್ಕಿಯ ಡಬ್ಬದ ಹತ್ತಿರ.
ಇನ್ನೂ ಹನ್ನೆರಡು ಜನರ ನಂಬರು ಸಿಕ್ಕಿಲ್ಲ.
ನಾಳೆ ಶುಕ್ರವಾರ, ರಜೆ.
ಸಿತ್ರಾದ ಹಳೆಯ ಕ್ಯಾಂಪಿಗೆ ಹೋಗಿ ನೋಡಬೇಕು,
ಸುಣ್ಣ ಬಳಿದಿರಬಹುದು,
ಬಳಿಯದೆಯೂ ಇರಬಹುದು.